ಮೊದಲು ಒಂದು ಹಕ್ಕಿಯ ಲೆಕ್ಕ ಇಡಲಿ

(ಅಮೆರಿಕದ ನಮ್ಮ ಕನ್ನಡ ಕೂಟದ ಯುವಜನ ದಿನದಂದು ಹೈಸ್ಕೂಲು, ಕಾಲೇಜು ಮಕ್ಕಳು ಮತ್ತು ಅವರ ತಂದೆತಾಯಿಯರ ಮುಂದೆ ಆಡಿದ ಮಾತು. ಓಲೆಯ ಓದುಗರಿಗಾಗಿ ಅಲ್ಲಲ್ಲಿ ತಿದ್ದಿದೆ.)



ಯುವಜನರು ಪರಿಸರ ಉಳಿಸುವುದನ್ನು ಹೇಗೆ ಕಲಿಯಬಹುದು ಅನ್ನೋ ವಿಷಯ ಕೊಟ್ಟಿದ್ದಾರೆ. ನಾನು ವಿಜ್ಞಾನಿಯಲ್ಲ, ದಿನವಿಡೀ ಕೋಡ್ ಬರೆಯುವವನು. ವಾರದ ಕೊನೆಗೆ ಹಕ್ಕಿ ನೋಡುವ ಹುಚ್ಚಿದೆ, ಅಷ್ಟೆ. ಹಾಗಾಗಿ ಗೊತ್ತಿರುವ ನಾಲ್ಕು ವಿಷಯ ಹೇಳಿ ನಿಮ್ಮನ್ನು ಊಟಕ್ಕೆ ಬಿಡುತ್ತೇನೆ.

ಪರಿಸರದ ಕಾರ್ಯಕ್ರಮ ಅಂದರೆ ನಮ್ಮಲ್ಲಿ ಒಂದು ಸಿದ್ಧ ಮಾದರಿ ಇದೆ. ಜೂನ್ 5 ಬಂತು ಅಂದರೆ ಚಿತ್ರಕಲಾ ಸ್ಪರ್ಧೆ, ಮರದ ವೇಷ ಹಾಕಿಕೊಂಡು ಬೆವರುತ್ತಾ ನಿಂತ ಒಂದು ಮಗು, ಒಂದು ಸಸಿ, ಅದರ ಸುತ್ತ ಎಂಟು ಜನ ನಿಂತು ಫೋಟೋ. ಜೂನ್ 6ನೇ ತಾರೀಖು ಆ ಸಸಿಗೆ ನೀರು ಹಾಕುವವರು ಯಾರು ಅಂತ ಯಾರೂ ಕೇಳುವುದಿಲ್ಲ. ಇಲ್ಲಿನ ಶಾಲೆಗಳಲ್ಲಿ ಇದೇ ಕತೆ ಬೇರೆ ರೂಪದಲ್ಲಿದೆ. ಹತ್ತು ವರ್ಷದ ಮಗು ಗ್ಲೋಬಲ್ ವಾರ್ಮಿಂಗ್ ಬಗ್ಗೆ ಐದು ನಿಮಿಷ ಚೆನ್ನಾಗಿ ಮಾತಾಡುತ್ತೆ. ಕಿಟಕಿಯ ಹೊರಗಿರುವ ಮರ ಯಾವುದು ಅಂತ ಕೇಳಿದರೆ 'ಟ್ರೀ' ಅನ್ನುತ್ತೆ!

ಪರಿಸರ ಅನ್ನುವ ದೊಡ್ಡ ಪದವನ್ನು ಸ್ವಲ್ಪ ದಿನ ಪಕ್ಕಕ್ಕಿಡೋಣ ಅನ್ನುವುದು ನನ್ನ ಮಾತು. ಮಕ್ಕಳಿಗೆ ಒಂದು ಜಾಗ, ಒಂದು ಜೀವಿ, ಒಂದು ನೋಟ್ ಪುಸ್ತಕ ಕೊಡೋಣ. ಅದರ ಜವಾಬ್ದಾರಿ ಪೂರ್ತಿ ಅವರದೇ ಆಗಲಿ. ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ನಮ್ಮ ಮಂಡ್ಯ ಜಿಲ್ಲೆಯಲ್ಲೇ ಇದೆ.

ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರು. ಬೆಂಗಳೂರಿನಿಂದ ಸುಮಾರು 80 ಕಿಲೋಮೀಟರು. ಹಳೆಯ ಮೈಸೂರು ರಸ್ತೆಯಲ್ಲಿ ರುದ್ರಾಕ್ಷಿಪುರದ ಹತ್ತಿರ ತಿರುಗಬೇಕು. ನಮ್ಮಲ್ಲಿ ಎಷ್ಟೋ ಜನ ಆ ಬೋರ್ಡು ನೋಡಿ, ಮದ್ದೂರು ವಡೆಯ ಯೋಚನೆಯಲ್ಲಿ ಮುಂದೆ ಹೋಗಿರುತ್ತೇವೆ. ಅಲ್ಲಿ ಪಕ್ಷಿಧಾಮ ಅಂತ ಬೇಲಿ ಹಾಕಿದ ಕಾಡಿಲ್ಲ. ಊರಿನ ಮಧ್ಯೆ, ಮನೆಗಳ ಹಿತ್ತಲಲ್ಲಿರುವ ಹುಣಸೆ, ಅರಳಿ ಮರಗಳ ಮೇಲೆ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಹೆಜ್ಜಾರ್ಲೆ ಅಂದರೆ ಪೆಲಿಕನ್, ಕೊಕ್ಕಿನ ಕೆಳಗೆ ಚೀಲ ಇರುವ ಹಕ್ಕಿ. ಕೆಳಗೆ ಎಮ್ಮೆ ಕಟ್ಟಿರುತ್ತಾರೆ, ಮೇಲೆ ಹೆಜ್ಜಾರ್ಲೆ ಮರಿ ಸಾಕುತ್ತಿರುತ್ತೆ. ಈ ಹಕ್ಕಿಗಳನ್ನು ಆ ಊರಿನವರು ತವರಿಗೆ ಹೆರಿಗೆಗೆ ಬಂದ ಹೆಣ್ಣುಮಕ್ಕಳ ಹಾಗೆ ನೋಡುತ್ತಾರೆ. ಹಕ್ಕಿ ಬಂದರೆ ಮಳೆ ಬೆಳೆ ಚೆನ್ನ ಅನ್ನುವ ನಂಬಿಕೆ ಒಂದು ಕಡೆ. ಮರದ ಕೆಳಗೆ ಬೀಳುವ ಹಿಕ್ಕೆ ಹೊಲಕ್ಕೆ ಒಳ್ಳೆ ಗೊಬ್ಬರ ಅನ್ನುವ ಲೆಕ್ಕ ಇನ್ನೊಂದು ಕಡೆ.

ಆದರೆ ನಂಬಿಕೆಯೊಂದರಿಂದಲೇ ಹೊಟ್ಟೆ ತುಂಬುವುದಿಲ್ಲ. ಗೂಡಿರುವ ಮರದಿಂದ ಹುಣಸೆ ಬಡಿಯುವ ಹಾಗಿಲ್ಲ, ಬಡಿದರೆ ಮರಿಗಳು ಬೀಳುತ್ತವೆ. ಅದು ಮರದ ಯಜಮಾನನಿಗೆ ನೇರ ನಷ್ಟ. ಅದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡು ಮಾಡಿತು. ಆ ಮೊತ್ತ ಸಾಲದು ಅನ್ನುವ ದೂರು ಊರಿನಲ್ಲಿ ಹಳೆಯದು. ನನಗೂ ಅದು ನ್ಯಾಯವಾದ ದೂರು ಅನ್ನಿಸುತ್ತೆ. ನಾವೆಲ್ಲ ನೋಡಿ ಖುಷಿಪಡುವ ಹಕ್ಕಿಯ ಖರ್ಚನ್ನು ಒಬ್ಬ ರೈತ ಯಾಕೆ ಹೊರಬೇಕು?

ಇನ್ನು ಯುವಕರ ವಿಷಯ. 1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ಪಕ್ಷಿಪ್ರೇಮಿಗಳ ಒಡನಾಟದಿಂದ ಆ ಊರಿನ ಹುಡುಗರು 'ಹೆಜ್ಜಾರ್ಲೆ ಬಳಗ' ಅಂತ ಒಂದು ಗುಂಪು ಕಟ್ಟಿಕೊಂಡರು. ಅವರು ಹಿಡಿದ ಕೆಲಸ ಬಹಳ ಸರಳವಾದದ್ದು. ಗಾಳಿಗೋ, ಅಣ್ಣತಮ್ಮಂದಿರ ಜಗಳಕ್ಕೋ ಗೂಡಿನಿಂದ ಮರಿ ಕೆಳಗೆ ಬೀಳುತ್ತೆ. ಬಿದ್ದ ಮರಿಗೆ ತಾಯಿ ಕೆಳಗಿಳಿದು ಉಣಿಸುವುದಿಲ್ಲ. ಹಾಗೆ ಬಿಟ್ಟರೆ ನಾಯಿಯ ಪಾಲು. ಈ ಹುಡುಗರು ಬಿದ್ದ ಮರಿಗಳನ್ನು ಎತ್ತಿ ತಂದು, ಬೇಲಿ ಹಾಕಿದ ಒಂದು ಜಾಗದಲ್ಲಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಿಬಿಡುತ್ತಾ ಬಂದರು. ಹೆಜ್ಜಾರ್ಲೆ ಮರಿಯ ಹೊಟ್ಟೆ ಸಣ್ಣದಲ್ಲ. ದಿನಾ ಮೀನು ಹೊಂದಿಸಬೇಕು. ಶನಿವಾರ ಭಾನುವಾರ ರಜೆ ಅಂತ ಇಲ್ಲ.

ಮುಂದೆ 2007ರಲ್ಲಿ ಕೊಕ್ಕರೆ ಬೆಳ್ಳೂರನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದರು. ಅಂದರೆ ಊರನ್ನು ಎಬ್ಬಿಸದೆ, ಊರಿನವರನ್ನೇ ಜೊತೆಗಿಟ್ಟುಕೊಂಡು ಕಾಪಾಡುವ ಬಗೆ. ಸರ್ಕಾರದ ಆ ಕಾಗದಕ್ಕಿಂತ ಮುಂಚೆಯೇ ಹುಡುಗರ ಕೆಲಸ ನಡೆಯುತ್ತಿತ್ತು ಅನ್ನುವುದನ್ನು ಗಮನಿಸಿ.

ಇದನ್ನು ತೀರಾ ಸಿಹಿ ಕತೆ ಮಾಡುವುದು ಬೇಡ. 2017ರ ಕೊನೆಯಿಂದ 2018ರವರೆಗೆ ಅಲ್ಲಿ ಹತ್ತಾರು ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತವು. ಪರೀಕ್ಷೆ ಮಾಡಿದಾಗ ಒಳಗೆ ಪರಾವಲಂಬಿ ಹುಳುಗಳು ಕಂಡವು. ಹಕ್ಕಿ ಗೂಡು ಕಟ್ಟುವುದು ಈ ಊರಿನ ಮರದಲ್ಲಾದರೂ, ಮೀನು ಹಿಡಿಯುವುದು ಸುತ್ತಮುತ್ತಲಿನ ಕೆರೆಗಳಲ್ಲಿ ಮತ್ತು ಶಿಂಷಾ ನದಿಯಲ್ಲಿ. ಊರಿನವರು ಎಷ್ಟೇ ಪ್ರೀತಿಯಿಂದ ಮರ ಕಾಯ್ದರೂ, ದೂರದ ಕೆರೆ ಬತ್ತಿದರೆ, ಕೆಟ್ಟರೆ ಅವರು ಏನು ಮಾಡಿಯಾರು? ಇಂಥ ಪ್ರಶ್ನೆ ಹುಟ್ಟುವುದು ದಿನಾ ಆ ಹಕ್ಕಿಯ ಜೊತೆ ಒಡನಾಡಿದವರಿಗೆ. ಪೋಸ್ಟರ್ ಬರೆದವರಿಗೆ ಹುಟ್ಟುವುದಿಲ್ಲ.

ಉತ್ತರ ಕನ್ನಡದ ಅಪ್ಪಿಕೋ ಚಳವಳಿಯೂ ಹೀಗೇ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಲ್ಕಣಿಯ ಯುವಕರು, ಹೆಂಗಸರು ಮರಗಳನ್ನು ಅಪ್ಪಿ ನಿಂತರಲ್ಲ, ಅವರಿಗೆ ಅದು ತಮ್ಮ ಊರಿನ ಕಾಡು. ಯಾವ ಮರ ಹೋದರೆ ಯಾವ ಹಳ್ಳದ ನೀರು ಇಳಿಯುತ್ತೆ ಅಂತ ಅವರಿಗೆ ಗೊತ್ತಿತ್ತು.

ಸರಿ, ಇಲ್ಲಿ ಕೂತಿರುವ ಮಕ್ಕಳು ಏನು ಮಾಡಬೇಕು? ನಿಮ್ಮ ಹಿತ್ತಲಲ್ಲಿ ಹೆಜ್ಜಾರ್ಲೆ ಬೀಳುವುದಿಲ್ಲ. ಆದರೆ ಎಕ್ಕದ ಗಿಡದ ನೆಂಟ ಇದ್ದಾನೆ.

ಮಿಲ್ಕ್‌ವೀಡ್ ಅಂತ ಇಲ್ಲಿ ರಸ್ತೆ ಬದಿಯಲ್ಲಿ ಬೆಳೆಯುತ್ತಲ್ಲ, ಅದು ನಮ್ಮ ಎಕ್ಕದ ಕುಟುಂಬದ್ದೇ. ಎಲೆ ಮುರಿದರೆ ಹಾಗೇ ಬಿಳಿ ಹಾಲು, ಕಾಯಿ ಒಡೆದರೆ ಹಾಗೇ ರೇಷ್ಮೆಯಂಥ ನೂಲು ಹಾರುತ್ತೆ. ರಥಸಪ್ತಮಿ ದಿನ ತಲೆ, ಭುಜದ ಮೇಲೆ ಎಕ್ಕದೆಲೆ ಇಟ್ಟು ನೀರು ಹಾಕಿದ್ದು ಹಿರಿಯರಿಗೆ ನೆನಪಿರಬಹುದು. ಮೊನಾರ್ಕ್ ಚಿಟ್ಟೆಯ ಹುಳು ತಿನ್ನುವುದು ಮಿಲ್ಕ್‌ವೀಡ್ ಜಾತಿಯ ಎಲೆಗಳನ್ನು ಮಾತ್ರ. ನಮ್ಮ ಊರಿನಲ್ಲಿ ಅದರ ದಾಯಾದಿ ಇದೆ, ಇಂಗ್ಲಿಷಿನಲ್ಲಿ ಪ್ಲೇನ್ ಟೈಗರ್ ಅನ್ನುತ್ತಾರೆ. ಕೇಸರಿ ಬಣ್ಣ, ರೆಕ್ಕೆಯ ಅಂಚಿನಲ್ಲಿ ಕಪ್ಪು ಬಿಳುಪು. ಅದರ ಹುಳು ಎಕ್ಕದ ಎಲೆ ತಿನ್ನುತ್ತೆ. ಇಲ್ಲಿ ಮೊನಾರ್ಕ್ ಹುಳು ನೋಡಿದ ಮಗು ಅಜ್ಜಿ ಮನೆಗೆ ಹೋದಾಗ ಎಕ್ಕದ ಎಲೆ ತಿರುಗಿಸಿ ನೋಡಲಿ. "ಅಜ್ಜಿ, ಇದು ನಮ್ಮನೇಲೂ ಇದೆ!" ಅಂತ ಕೂಗುವ ಮಗುವಿಗೆ ಎಕ್ಕ ಅನ್ನುವ ಕನ್ನಡ ಪದವನ್ನು ಬೇರೆ ಕ್ಲಾಸು ಮಾಡಿ ಕಲಿಸಬೇಕಾಗಿಲ್ಲ.

ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಮೊನಾರ್ಕ್ ವಾಚ್ ಅನ್ನುವ ಕಾರ್ಯಕ್ರಮ 1992ರಿಂದ ಇದೆ. ಬೇಸಿಗೆ ಮುಗಿಯುವ ಹೊತ್ತಿಗೆ ಚಿಟ್ಟೆಗಳನ್ನು ಮೆಲ್ಲಗೆ ಹಿಡಿದು, ಹಿಂದಿನ ರೆಕ್ಕೆಗೆ ನಂಬರಿರುವ ಪುಟ್ಟ ಸ್ಟಿಕರ್ ಅಂಟಿಸಿ ಬಿಡುತ್ತಾರೆ. ಶಾಲೆ ಮಕ್ಕಳೂ ಮಾಡುವ ಕೆಲಸ. ಆ ಚಿಟ್ಟೆಗಳಲ್ಲಿ ಕೆಲವು ಮೆಕ್ಸಿಕೋದ ಬೆಟ್ಟಗಳಲ್ಲಿ ಸಿಕ್ಕಿ, ನಂಬರು ವಾಪಸು ಬರುತ್ತೆ. 2024ರ ಡಿಸೆಂಬರಿನಲ್ಲಿ ಮೊನಾರ್ಕನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸುವ ಪ್ರಸ್ತಾವವನ್ನು ಇಲ್ಲಿನ ಸರ್ಕಾರವೇ ಮಂಡಿಸಿತು, ಅಂದರೆ ಇದು ಆಟವಲ್ಲ. ಒಂದು ಎಚ್ಚರಿಕೆ: ಉತ್ಸಾಹದಿಂದ ಮನೆಯೊಳಗೆ ನೂರು ಹುಳು ಸಾಕಲು ಹೋಗಬೇಡಿ, ಒತ್ತೊತ್ತಾಗಿ ಸಾಕಿದರೆ ರೋಗ ಹರಡುತ್ತೆ. ನಿಮ್ಮ ರಾಜ್ಯದಲ್ಲೇ ಹುಟ್ಟಿ ಬೆಳೆಯುವ ಮಿಲ್ಕ್‌ವೀಡ್ ಕೇಳಿ ತಂದು ಅಂಗಳದಲ್ಲಿ ನೆಡಿ. ಔಷಧಿ ಹೊಡೆಯಬೇಡಿ.

ಇಷ್ಟೂ ಬೇಡ ಅನ್ನುವವರಿಗೆ ಇನ್ನೂ ಸುಲಭದ್ದಿದೆ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತೆ. ಕನಿಷ್ಠ 15 ನಿಮಿಷ ಒಂದು ಕಡೆ ನಿಂತು, ಕಂಡ ಹಕ್ಕಿಗಳನ್ನು ಎಣಿಸಿ ದಾಖಲಿಸಿದರೆ ಆಯಿತು. ಭಾರತದಲ್ಲಿ 2013ರಿಂದ ಇದು ನಡೆಯುತ್ತಿದೆ. ಅದೇ ದಿನಗಳಲ್ಲಿ ಅಲ್ಲಿನ ಕಾಲೇಜುಗಳ ಆವರಣದಲ್ಲೂ ಹುಡುಗ ಹುಡುಗಿಯರು ಎಣಿಸುತ್ತಾರೆ. ನಿಮ್ಮ ಮಗಳು ಇಲ್ಲಿ, ಅವಳ ಸೋದರತ್ತೆ ಮಗ ದಾವಣಗೆರೆಯಲ್ಲಿ, ಒಂದೇ ದಿನ ಎಣಿಸಿ ಫೋನಿನಲ್ಲಿ ಹೋಲಿಸಬಹುದು. ಅವನು ಗೊರವಂಕ, ಪಿಕಳಾರ, ಮಡಿವಾಳ ಅಂತ ಹೇಳುತ್ತಾನೆ. ಇವಳು ಕಾರ್ಡಿನಲ್, ಬ್ಲೂ ಜೇ ಅನ್ನುತ್ತಾಳೆ.

ಈ ಎಣಿಕೆಯಿಂದ ಏನು ಉಪಯೋಗ ಅಂತ ಕೇಳುವವರು ಇರುತ್ತಾರೆ, ನಾವು ಎಂಜಿನಿಯರುಗಳಲ್ಲವೇ! ಈ ದೇಶದಲ್ಲಿ ಕ್ರಿಸ್‌ಮಸ್ ಸಮಯದ ಹಕ್ಕಿ ಎಣಿಕೆ ಶುರುವಾಗಿದ್ದು 1900ರಲ್ಲಿ. ಹಬ್ಬದ ದಿನ ಗುಂಪು ಕಟ್ಟಿಕೊಂಡು ಹಕ್ಕಿ ಹೊಡೆಯುವ ಪದ್ಧತಿಗೆ ಬದಲಾಗಿ ಎಣಿಸೋಣ ಅಂತ ಫ್ರಾಂಕ್ ಚಾಪ್‌ಮನ್ ಅನ್ನುವವರು ಕರೆ ಕೊಟ್ಟರು. ಮೊದಲ ವರ್ಷ ಸೇರಿದ್ದು 27 ಜನ. ಇಂಥ ಸಾಮಾನ್ಯ ಜನರ ದಶಕಗಳ ಲೆಕ್ಕವನ್ನೂ ಸೇರಿಸಿಕೊಂಡು 2019ರಲ್ಲಿ ವಿಜ್ಞಾನಿಗಳು ಹೇಳಿದರು: 1970ರಿಂದ ಈಚೆಗೆ ಉತ್ತರ ಅಮೆರಿಕದಲ್ಲಿ ಸುಮಾರು 300 ಕೋಟಿ ಹಕ್ಕಿಗಳು ಕಡಿಮೆಯಾಗಿವೆ. ಭಾರತದಲ್ಲಿ 2023ರಲ್ಲಿ ಬಂದ ಹಕ್ಕಿಗಳ ಸ್ಥಿತಿಗತಿಯ ವರದಿಗೆ ಆಧಾರ ಸುಮಾರು 30,000 ಹವ್ಯಾಸಿಗಳು ಕೊಟ್ಟ 3 ಕೋಟಿ ದಾಖಲೆಗಳು. 942 ಜಾತಿಗಳನ್ನು ಅದರಲ್ಲಿ ಪರಿಶೀಲಿಸಿದ್ದಾರೆ.

ಅದಕ್ಕಿಂತ ಮುಂಚಿನ, 2020ರ ವರದಿ ನಮ್ಮ ಇನ್‌ಬಾಕ್ಸಿಗೆ ನೇರ ಸಂಬಂಧಪಟ್ಟದ್ದು. ಮೊಬೈಲ್ ಟವರಿನಿಂದ ಗುಬ್ಬಚ್ಚಿ ನಾಶವಾಯಿತು ಅನ್ನುವ ಫಾರ್ವರ್ಡ್ ಎಷ್ಟು ಸಲ ಬಂದಿದೆ ನಿಮಗೆ? ದೇಶವನ್ನು ಒಟ್ಟಾಗಿ ನೋಡಿದರೆ 25 ವರ್ಷಗಳಲ್ಲಿ ಗುಬ್ಬಚ್ಚಿಯ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ, ಕುಸಿದಿರುವುದು ದೊಡ್ಡ ನಗರಗಳಲ್ಲಿ, ಟವರಿಗೆ ಸಾಕ್ಷ್ಯವಿಲ್ಲ ಅಂತ ಆ ವರದಿ ಹೇಳಿತು. ಎಣಿಸಿದವರು ಇದ್ದದ್ದರಿಂದ ಸತ್ಯ ಸಿಕ್ಕಿತು. ಮಕ್ಕಳೇ, ಅಪ್ಪ ಅಂಥ ಮೇಲ್ ಕಳಿಸಿದರೆ ಲೆಕ್ಕ ಕೇಳಿ.

ಈಗ ದೊಡ್ಡವರಿಗೆ ಸ್ವಲ್ಪ ಇರುಸುಮುರುಸಾಗುವ ಮಾತು. ಬೆಳ್ಳಂದೂರು, ವರ್ತೂರು, ಸರ್ಜಾಪುರ ರಸ್ತೆಯ ಕಡೆ ಫ್ಲ್ಯಾಟ್ ಕೊಂಡವರು ಕೈ ಎತ್ತಿ ಅಂತ ನಾನು ಕೇಳುವುದಿಲ್ಲ. ಬೆಳ್ಳಂದೂರು ಕೆರೆ ನೊರೆ ಕಕ್ಕಿದ್ದು, 2015ರಲ್ಲಿ, 2017ರಲ್ಲಿ ಬೆಂಕಿ ಕಾಣಿಸಿಕೊಂಡಿದ್ದು, 2018ರ ಜನವರಿಯಲ್ಲಿ ಆರಿಸಲು ಸೈನಿಕರೇ ಇಳಿದಿದ್ದು ಜಗತ್ತಿಗೆಲ್ಲ ಗೊತ್ತು. ನೀರಿಗೆ ಬೆಂಕಿ ಬಿದ್ದ ಊರು ಅಂತ ಇಲ್ಲಿನ ಸಹೋದ್ಯೋಗಿಗಳು ನನ್ನನ್ನೇ ಕೇಳಿದ್ದಾರೆ. 2022ರ ಸೆಪ್ಟೆಂಬರಿನ ಮಳೆಗೆ ಔಟರ್ ರಿಂಗ್ ರಸ್ತೆ ಮುಳುಗಿ, ಸಾಫ್ಟ್‌ವೇರಿನವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಒಂದು ಕೆರೆಯ ಕೋಡಿಯಿಂದ ಇನ್ನೊಂದು ಕೆರೆಗೆ ನೀರು ಒಯ್ಯುವ ರಾಜಕಾಲುವೆಗಳ ಮೇಲೆ ಕಟ್ಟಡ ಕಟ್ಟಿದರೆ ನೀರು ಎಲ್ಲಿಗೆ ಹೋಗಬೇಕು? ಆ ಕಟ್ಟಡಗಳಿಗೆ ಹೋದ ಹಣದಲ್ಲಿ ಡಾಲರೂ ಇದೆ, ದಿರ್ಹಮೂ ಇದೆ.

ಇಲ್ಲಿ ಹದಿಹರೆಯದವರಿಗೆ ಒಂದು ನಿಜವಾದ ಕೆಲಸವಿದೆ. ಕರ್ನಾಟಕ ಸರ್ಕಾರದ ದಿಶಾಂಕ್ ಅನ್ನುವ ಆ್ಯಪ್ ಇದೆ. ಜಾಗದಲ್ಲಿ ನಿಂತು ತೆರೆದರೆ ಸರ್ವೆ ನಂಬರು, ಆ ಜಮೀನಿನ ವಿವರ ತೋರಿಸುತ್ತೆ. ಮುಂದಿನ ಸಲ ಅಪ್ಪ ಅಮ್ಮ ಸೈಟು ನೋಡಲು ಹೋದಾಗ ನೀವೂ ಹೋಗಿ, ಕೆರೆ, ರಾಜಕಾಲುವೆ ಹತ್ತಿರ ಎಲ್ಲಿದೆ ಅಂತ ಹಳೆಯ ಗ್ರಾಮ ನಕ್ಷೆಯ ಜೊತೆ ಹೋಲಿಸಿ ನೋಡಿ. ಬ್ರೋಕರ್ ಮುಂದೆ ಹದಿನಾರು ವರ್ಷದ ಮಗಳು "ಅಪ್ಪಾ, ಇಲ್ಲಿ ಕಾಲುವೆ ಇತ್ತಲ್ಲ?" ಅಂದರೆ ಯಾವ ಅಪ್ಪನಿಗೂ ಸಹಿ ಹಾಕುವುದು ಸುಲಭವಲ್ಲ.

ಒಳ್ಳೆಯದನ್ನೂ ತೋರಿಸಿ. ಅದೇ ಸರ್ಜಾಪುರ ರಸ್ತೆಯಲ್ಲಿ ಕೈಕೊಂಡ್ರಹಳ್ಳಿ ಕೆರೆ ಇದೆ. ಹಾಳುಬಿದ್ದಿದ್ದ ಆ ಕೆರೆ 2009ರಿಂದ ಈಚೆಗೆ ನಿವಾಸಿಗಳು ಮತ್ತು ಆಗಿನ ಬಿಬಿಎಂಪಿ ಸೇರಿ ದುಡಿದದ್ದರಿಂದ ಮತ್ತೆ ಹಕ್ಕಿಗಳ ಕೆರೆಯಾಯಿತು. ಪಕ್ಕದಲ್ಲೇ ಸರ್ಕಾರಿ ಶಾಲೆ ಇದೆ. ಬೆಳಿಗ್ಗೆ ಆರೂವರೆಗೆ ಹೋದರೆ ನೀರುಕಾಗೆ, ಬೆಳ್ಳಕ್ಕಿ, ಮಿಂಚುಳ್ಳಿ ಕಾಣುತ್ತವೆ. ಜೆಟ್‌ಲ್ಯಾಗಿನಿಂದ ಹೇಗೂ ನಿದ್ದೆ ಬರುವುದಿಲ್ಲವಲ್ಲ.

ರಜೆಯ ಲೆಕ್ಕ ಒಂದು ಹೇಳಿಬಿಡುತ್ತೇನೆ. ನಾವು ಹೆಚ್ಚಾಗಿ ಜೂನ್, ಜುಲೈಯಲ್ಲಿ ಊರಿಗೆ ಹೋಗುತ್ತೇವೆ. ಆಗ ಕೊಕ್ಕರೆ ಬೆಳ್ಳೂರಿನ ಮರಗಳು ಖಾಲಿಯಾಗುತ್ತಾ ಬಂದಿರುತ್ತವೆ. ಆ ಸಮಯಕ್ಕೆ ಶ್ರೀರಂಗಪಟ್ಟಣದ ಹತ್ತಿರದ ರಂಗನತಿಟ್ಟು ಒಳ್ಳೆಯದು. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಮೈಸೂರು ಸಂಸ್ಥಾನ ಪಕ್ಷಿಧಾಮ ಮಾಡಿದ ಜಾಗ ಅದು. ಡಿಸೆಂಬರ್ ರಜೆಯಲ್ಲಿ ಹೋಗುವವರು ಕೊಕ್ಕರೆ ಬೆಳ್ಳೂರಿಗೆ ಹೋಗಿ, ಹೆಜ್ಜಾರ್ಲೆಗಳು ಬರತೊಡಗಿರುತ್ತವೆ. ಅರ್ಧ ದಿನ ಊರಲ್ಲಿ ನಡೆದಾಡಿ. ಯಾರದೋ ಜಗಲಿಯಲ್ಲಿ ಕೂತು ಹುಣಸೆ ಫಸಲು, ಪರಿಹಾರದ ಹಣ, ಕೆರೆಯ ಮೀನು ಎಲ್ಲದರ ಬಗ್ಗೆ ಮಕ್ಕಳೇ ಕೇಳಲಿ, ಕನ್ನಡದಲ್ಲಿ, ತಪ್ಪುತಪ್ಪಾಗಿ ಆದರೂ ಪರವಾಗಿಲ್ಲ.

ಫೆಬ್ರವರಿಯ ಎಣಿಕೆಗೆ ನಮ್ಮ ಕೂಟದಿಂದ ಒಂದು ತಂಡ ಮಾಡೋಣ ಅಂತಿದೆ. ಬಾಗಿಲ ಹತ್ತಿರ ಹಾಳೆ ಇಟ್ಟಿದ್ದೇನೆ, ಹೆಸರನ್ನು ಮಕ್ಕಳೇ ಬರೆಯಲಿ, ಅಪ್ಪ ಅಮ್ಮ ಬರೆಯುವುದು ಬೇಡ. ಬೈನಾಕ್ಯುಲರ್ ಇದ್ದವರು ತನ್ನಿ, ಎರಡು ನನ್ನ ಹತ್ತಿರವೂ ಇವೆ. ಚಳಿ ಇರುತ್ತೆ, ಕೈಗವಸು ಮರೆಯಬೇಡಿ. ಕಾಫಿ ಫ್ಲಾಸ್ಕ್ ನಾನು ತರುತ್ತೇನೆ.