ಕೇರಿಯ ಸರದಿ



ಈ ಉಪನ್ಯಾಸಮಾಲೆಯಲ್ಲಿ ನನಗಿಂತ ಮೊದಲು ಮಾತನಾಡಿದ ವಿದ್ವಾಂಸರು ಶಾಸನಗಳನ್ನೂ ದೇವಾಲಯಗಳನ್ನೂ ಕುರಿತು ಹೇಳಿದರು. ನನ್ನ ಪಾಲಿಗೆ ಬಂದಿರುವುದು ನಲ್ಲಿಕಟ್ಟೆ. ಬೆಂಗಳೂರಿನ ಮಾಗಡಿ ರಸ್ತೆಗೂ ಮೈಸೂರು ರಸ್ತೆಗೂ ನಡುವೆ, ವೃಷಭಾವತಿಯ ಕಡೆಗೆ ಹರಿಯುವ ರಾಜಕಾಲುವೆಯೊಂದರ ಅಂಚಿಗೆ ಅಂಟಿಕೊಂಡಂತಿರುವ ಕೇರಿಯಲ್ಲಿ ನಾನು ಇಪ್ಪತ್ತಾರು ವರ್ಷ ಉಪಾಧ್ಯಾಯನಾಗಿದ್ದೆ. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿಯೇ ಹಾಜರಿ ಪುಸ್ತಕ ನನಗೊಂದು ಒಗಟನ್ನು ಒಡ್ಡಿತು. ದಿನ ಬಿಟ್ಟು ದಿನ ಕೆಲವು ಮಕ್ಕಳು, ಅದರಲ್ಲಿಯೂ ಹೆಣ್ಣುಮಕ್ಕಳು, ತಡವಾಗಿ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು, ಕಾರಣ ಕೇಳಿದರೆ ಎಲ್ಲರದೂ ಒಂದೇ ಉತ್ತರ: “ನೀರ್ ಬಂದಿತ್ತು ಸಾ.” ನೀರು ಬಾರದಿದ್ದುದಕ್ಕೆ ತಡವಾಯಿತೆಂದರೆ ನನಗೆ ಅರ್ಥವಾಗುತ್ತಿತ್ತು, ಬಂದುದಕ್ಕೆ ತಡವಾಗುವುದು ಹೇಗೆಂಬುದು ತಿಳಿಯಬೇಕಾದರೆ ನಾನೊಂದು ರಾತ್ರಿ ಅಲ್ಲಿಯೇ ಉಳಿಯಬೇಕಾಯಿತು.

ಅದನ್ನು ಹೇಳುವ ಮುನ್ನ ಒಂದು ಶಬ್ದವಿಚಾರ. ಕೇರಿಯೆಂಬುದು ನಮ್ಮ ಭಾಷೆಯ ಹಳೆಯ ಮಾತು, ಮರ್ಯಾದೆಯ ಮಾತು. ಊರು-ಕೇರಿ ಎಂಬ ಜೋಡಿಯ ನಡುವೆ ಜಾತಿಯ ಗಡಿಯೊಂದು ಇತ್ತೆಂಬುದನ್ನು ಮರೆಮಾಚಲಾಗದು, ನಿಜ. ಆದರೂ ಅದಕ್ಕೆ ‘ಕೊಳೆ’ಯನ್ನು ಅಂಟಿಸಿ ಕೊಳೆಗೇರಿಯೆಂದು ಕರೆದವರು ಹೊರಗಿನವರಾದ ನಾವು. 1973ರ ಕೊಳೆಗೇರಿ ಕಾಯಿದೆಯ ಆಧಾರದಿಂದ ಸರ್ಕಾರ ಸ್ಥಾಪಿಸಿದ ಮಂಡಳಿಯ ಹೆಸರಿನಲ್ಲಿ ಮೊದಲಿದ್ದುದು ‘ನಿರ್ಮೂಲನ’, ಈಗಿರುವುದು ‘ಅಭಿವೃದ್ಧಿ’. ಕೊಳೆ ಮಾತ್ರ ಎರಡರಲ್ಲಿಯೂ ಉಳಿದುಕೊಂಡಿತು. ಅಲ್ಲಿಯವರು ಹೇಳುವುದು ‘ನಮ್ ಏರಿಯಾ’ ಎಂದು. ನಾನು ಕೇರಿಯೆಂದೇ ಹೇಳುತ್ತೇನೆ.

ಆ ಕಾಲದಲ್ಲಿ ಅಲ್ಲಿ ನೀರು ಬರುತ್ತಿದ್ದುದು ಎರಡು ದಿನಕ್ಕೊಮ್ಮೆ, ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗಿನ ಯಾವುದಾದರೊಂದು ಗಳಿಗೆಯಲ್ಲಿ. ಸಂಜೆಯ ದೀಪ ಹತ್ತುವ ಮೊದಲೇ ಹಸುರು, ನೀಲಿ, ಕೆಂಪು ಬಣ್ಣದ ಪ್ಲಾಸ್ಟಿಕ್ ಕೊಡಗಳು ನಲ್ಲಿಕಟ್ಟೆಯಿಂದ ಮಸೀದಿಯ ತಿರುವಿನವರೆಗೆ ಸಾಲುಗಟ್ಟಿ ನಿಲ್ಲುವುವು. ಗಾಳಿಗೆ ಉರುಳದಿರಲೆಂದು ಒಳಗೊಂದು ಕಲ್ಲು, ಗುರುತಿಗೆಂದು ಕೊರಳಿಗೆ ಹಳೆಯ ಸೀರೆಯಂಚಿನ ಒಂದು ಚೂರು. ಕಲ್ಲಿಟ್ಟ ಕೊಡವೆಂದರೆ ಸಾಕ್ಷಾತ್ ಮನುಷ್ಯನೇ ನಿಂತಂತೆ. ಅದನ್ನು ಹಿಂದಕ್ಕೆ ಸರಿಸುವುದು ಆಳನ್ನೇ ಹಿಡಿದು ನೂಕಿದಷ್ಟು ದೊಡ್ಡ ಅಪರಾಧ. “ಅಕ್ಕಾ, ಕಲ್ಲಿರೋ ಕೊಡ ನಂದು, ಎತ್ತಿಡಬೇಡಿ” ಎಂಬ ಮಾತಿನಲ್ಲಿದ್ದ ನ್ಯಾಯಪ್ರಜ್ಞೆಯನ್ನು ನಾನು ಎಷ್ಟೋ ಸಭೆಗಳಲ್ಲಿ ಕಂಡಿಲ್ಲ. ಬಾಣಂತಿಯ ಮನೆಯ ಕೊಡಕ್ಕೆ ಮೊದಲ ಸ್ಥಾನ. ಸಾವಾದ ಮನೆಗೆ ಸರದಿಯಿಲ್ಲದೆಯೇ ನೀರು. ಒಂದು ಸುತ್ತಿಗೆ ಒಂದು ಮನೆಗೆ ಎರಡೇ ಕೊಡ. ಈ ನಿಯಮಗಳನ್ನು ಬರೆದವರಿಲ್ಲ. ಮೀರಿದವರನ್ನು ಕೇರಿ ವಾರಗಟ್ಟಲೆ ಬೈಯುವುದೇ ಅದಕ್ಕೆ ದಂಡಸಂಹಿತೆ. ನಾನು ಉಳಿದ ರಾತ್ರಿ ಎರಡೂವರೆಗೆ ನಲ್ಲಿ ಮೊದಲು ಸೀಟಿಯಂತೆ ಗಾಳಿಯನ್ನು ಉಗುಳಿತು, ಬಳಿಕ ಕೆಮ್ಮಿತು, ಬಳಿಕ ತುಕ್ಕಿನ ಬಣ್ಣದ ಎರಡು ಚೊಂಬು ನೀರು ಬಿಟ್ಟಿತು. ಅಷ್ಟರೊಳಗೆ ಬಾಗಿಲುಗಳೆಲ್ಲ ತೆರೆದಿದ್ದವು. ಯಾರೂ ಯಾರನ್ನೂ ಕರೆದಿರಲಿಲ್ಲ; ಆ ಸೀಟಿಯನ್ನು ಕೇಳಲೆಂದೇ ಪ್ರತಿಯೊಂದು ಮನೆಯಲ್ಲಿಯೂ ಒಬ್ಬಳ ಒಂದು ಕಿವಿ ನಿದ್ದೆ ಮಾಡದೆ ಉಳಿದಿತ್ತು. ಆ ಒಬ್ಬಳು ಅನೇಕ ಮನೆಗಳಲ್ಲಿ ನನ್ನ ಏಳನೆಯ ತರಗತಿಯ ವಿದ್ಯಾರ್ಥಿನಿ.

ನಾನು ಹುಟ್ಟಿ ಬೆಳೆದದ್ದು ಕೋಲಾರದ ಕಡೆಯ ಕೆರೆಯ ಊರಿನಲ್ಲಿ. ಅಲ್ಲಿ ನೀರುಗಂಟಿಯೆಂಬವನು ಇದ್ದನು. ಕೆರೆಯ ತೂಬನ್ನು ತೆರೆಯುವವನೂ ಮುಚ್ಚುವವನೂ ಅವನೇ. ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂಬುದನ್ನು ಅವನು ಬಲ್ಲನು, ಗದ್ದೆಯವನೂ ಬಲ್ಲನು. ಸುಗ್ಗಿಯಲ್ಲಿ ಅವನ ಪಾಲಿನ ಧಾನ್ಯವನ್ನು ಕಣದಲ್ಲಿಯೇ ಅಳೆದು ಕೊಡುತ್ತಿದ್ದರು. ಅವನಿಗೆ ಆ ಊರು ಸಲ್ಲಿಸಿದ ಗೌರವ ಎಷ್ಟೆಂದು ಕೇಳಿದರೆ ನಾನು ತಲೆತಗ್ಗಿಸಬೇಕಾದೀತು. ಆದರೆ ಬರಗಾಲದಲ್ಲಿ ನೀರು ಅರೆವಾಸಿಯಾದಾಗಲೂ ಸರದಿ ಇಂತಹ ಹೊತ್ತಿಗೆಂಬುದು ಎಲ್ಲರಿಗೂ ತಿಳಿದಿರುತ್ತಿತ್ತು. ನಗರದ ವಾಲ್‌ಮ್ಯಾನ್ ಆ ನೀರುಗಂಟಿಯ ವಾರಸುದಾರನೇ ಸರಿ. ಬೀಗದ ಕೈಯಂತಹ ಉದ್ದನೆಯ ಕಬ್ಬಿಣವನ್ನು ಹೆಗಲಿಗೇರಿಸಿ ಅವನು ಬಂದರೆ ಮಕ್ಕಳು ಹಿಂದೆ ಓಡುವರು. ಆದರೆ ಅವನಿಗೂ ಗಳಿಗೆ ತಿಳಿಯದು. ಮೇಲಿನ ಬಡಾವಣೆಗಳ ತೊಟ್ಟಿಗಳು ತುಂಬಿ, ಕೊಳವೆಯಲ್ಲಿ ಒತ್ತಡ ಉಳಿದರೆ ಇಲ್ಲಿಗೆ ನೀರು; ಉಳಿಯದಿದ್ದರೆ “ನಾಳೆ ನೋಡವ್ವಾ.”

ಬೆಂಗಳೂರಿಗೆ ನೀರು ಬಂದ ಚರಿತ್ರೆ ದೊಡ್ಡದು. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ. ಆ ಕಾವೇರಿಯ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಮೆಟ್ಟಿಲು ಏರಿ, ಸುಮಾರು 100 ಕಿಲೋಮೀಟರು ದೂರವನ್ನೂ 500 ಮೀಟರಿನಷ್ಟು ಎತ್ತರವನ್ನೂ ಕ್ರಮಿಸಿ ನಗರವನ್ನು ಮುಟ್ಟುತ್ತದೆ. ಮುಟ್ಟಿದ ಬಳಿಕ ಕೊನೆಯ ಇನ್ನೂರು ಗಜವನ್ನು ಅದು ಒಬ್ಬ ಹುಡುಗಿಯ ಸೊಂಟದ ಮೇಲೆ ಕ್ರಮಿಸುತ್ತಿತ್ತು. ಬಳಸಿದ ನೀರಾದರೋ ಹಿಂದಿರುಗಲು ಹಾದಿ ಹುಡುಕಬೇಕಾಗಿಲ್ಲ. ರಾಜಕಾಲುವೆಯಿಂದ ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಸಂಗಮದಲ್ಲಿ ಮತ್ತೆ ಕಾವೇರಿಗೆ. ಮಳೆಗಾಲದ ಒಂದು ಜೋರು ಸಂಜೆ ಸಾಕು, ಮೇಲಿನ ಬಡಾವಣೆಗಳ ಕೊಳಚೆಯೆಲ್ಲ ಒಂದೇ ಗಂಟೆಯಲ್ಲಿ ಇಳಿದುಬಂದು ಕಾಲುವೆ ಉಕ್ಕಿ ಮಂಚದ ಕಾಲನ್ನು ಮುಟ್ಟುವುದು. ಬರುವ ನೀರು ಕಟ್ಟಕಡೆಗೆ ತಲುಪುವ ಕೇರಿಗೆ ಹೋಗುವ ನೀರು ಎಲ್ಲರಿಗಿಂತ ಮೊದಲು ನುಗ್ಗುತ್ತದೆ. ಅಕ್ಕಿಯ ಡಬ್ಬವನ್ನೂ ಪಡಿತರ ಚೀಟಿಯನ್ನೂ ಹಕ್ಕುಪತ್ರವನ್ನೂ ಅಟ್ಟದ ಮೇಲಕ್ಕೆ ಏರಿಸುವ ಕೆಲಸದಲ್ಲಿ ಅಲ್ಲಿಯ ಐದು ವರ್ಷದ ಮಗುವೂ ನಿಪುಣ. ಹಕ್ಕುಪತ್ರಕ್ಕಾಗಿ ಅವರು ಅಲೆದ ಅಲೆದಾಟವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅದಕ್ಕೆ ಬೇರೆಯೇ ಉಪನ್ಯಾಸ ಬೇಕು, ಪ್ರಾಯಶಃ ಬೇರೆ ಉಪನ್ಯಾಸಕನೂ ಬೇಕು.

ಇಷ್ಟನ್ನೆಲ್ಲ ಕಂಡಮೇಲೆ ನನ್ನ ಮನಸ್ಸಿನಲ್ಲಿ ನೆಲೆಯಾದ ಅಭಿಪ್ರಾಯವೊಂದುಂಟು. ಬಡತನವೆಂದರೆ ಇಲ್ಲದಿರುವುದು ಎಂದು ನಾವು ತಿಳಿದಿದ್ದೇವೆ. ಕೇರಿಯಲ್ಲಿ ನಾನು ಕಂಡ ಬಡತನವು ಯಾವಾಗ ಬಂದೀತೆಂದು ತಿಳಿಯದಿರುವುದು. ಒಂದು ತಲೆಮಾರಿನ ಹಿಂದೆ ಹೀಗಿರಲಿಲ್ಲವೆಂದು ಅಲ್ಲಿಯ ವೃದ್ಧರು ಹೇಳುತ್ತಿದ್ದರು. ಅವರಲ್ಲಿ ಅನೇಕರು 1884ರಲ್ಲಿ ಆರಂಭವಾಗಿ ಮುಂದೆ ಬಿನ್ನಿ ಮಿಲ್ಲೆಂದು ಹೆಸರಾದ ಬಟ್ಟೆ ಗಿರಣಿಯಲ್ಲಿ ದುಡಿದವರು. ಕೂಲಿ ಹೆಚ್ಚೇನೂ ಅಲ್ಲ. ಆದರೆ ಮಿಲ್ಲಿನ ಕೂಗು ಕೇಳಿದರೆ ಹೊತ್ತು ತಿಳಿಯುತ್ತಿತ್ತು, ತಿಂಗಳು ತುಂಬಿದರೆ ಸಂಬಳ ಕೈಗೆ ಬರುತ್ತಿತ್ತು. ಗಿರಣಿಗಳು ಒಂದೊಂದಾಗಿ ನಿಂತಮೇಲೆ ಅವರ ಮಕ್ಕಳು ಗಾರೆ ಕೆಲಸಕ್ಕೆ ಸೇರಿದರು. ಬೆಳಗಿನ ಏಳಕ್ಕೆ ಸರ್ಕಲ್ಲಿನಲ್ಲಿ ಬುತ್ತಿಯ ಡಬ್ಬ ಹಿಡಿದು ನಿಂತರೆ ಮೇಸ್ತ್ರಿ ಕರೆದಾನು, ಕರೆಯದೆಯೂ ಇದ್ದಾನು. ಒಂಬತ್ತಾದರೆ ಬುತ್ತಿ ಮನೆಗೆ ಮರಳುವುದು.

ಹೆಂಗಸರು ಊದುಬತ್ತಿ ಹೊಸೆಯುತ್ತಿದ್ದರು. ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿಯನ್ನು ನಾನು ಮಾತನಾಡಿಸುತ್ತಿದ್ದುದು ಅವಳು ಹೊಸ್ತಿಲ ಬಳಿ ಗಿಡ್ಡಮಣೆಯ ಮುಂದೆ ಕುಳಿತಿದ್ದಾಗಲೇ. ಇದ್ದಲ ಪುಡಿಗೆ ಜಿಗಟು ಬೆರೆಸಿ ನಾದಿದ ಕಪ್ಪು ಹಿಟ್ಟಿನ ಒಂದು ಚಿಟಿಕೆ, ಅದರ ಮೇಲೆ ಒಂದು ಬಿದಿರು ಕಡ್ಡಿ, ಅಂಗೈಯ ಒಂದೇ ಉರುಳಿಕೆ. ಹಿಟ್ಟು ಕಡ್ಡಿಯ ಉದ್ದಕ್ಕೂ ಸಮನಾಗಿ ಹರಡಿ, ಹಿಡಿಯ ಭಾಗ ಬರಿದಾಗಿ ಉಳಿಯುವುದು. ಅವಳು ಕಡ್ಡಿಯನ್ನು ನೋಡುತ್ತಲೇ ಇರಲಿಲ್ಲ. ಲೆಕ್ಕ ಸಾವಿರಕ್ಕೆ ಇಷ್ಟೆಂದು. ಮುರಿದವು, ಬಾಗಿದವು ಲೆಕ್ಕಕ್ಕಿಲ್ಲ. ಮೋಡ ಕವಿದು ಬತ್ತಿ ಒಣಗದಿದ್ದರೆ ಆ ದಿನದ ಕೂಲಿಯೂ ಇಲ್ಲ. ಹಣ ಯಾವಾಗ ಕೊಡುತ್ತಾರೆಂದು ಕೇಳಿದರೆ, “ಮಾಲು ತಗೊಂಡು ಹೋಗೋನು ಬಂದಾಗ ಮೇಷ್ಟ್ರೇ” ಎಂದಳು. ನಮ್ಮ ಪೂಜೆಯ ಕೋಣೆಗಳಲ್ಲಿ ಘಮಘಮಿಸುವ ಬತ್ತಿಗೆ ಆ ಮನೆಯಲ್ಲಿ ಯಾವ ಪರಿಮಳವೂ ಇರಲಿಲ್ಲ. ಅದನ್ನು ಸುಗಂಧದಲ್ಲಿ ಅದ್ದುತ್ತಿದ್ದುದು ಬೇರೆಡೆ.

ಈ ಅನಿಶ್ಚಯಕ್ಕೆ ಕೇರಿ ತಾನಾಗಿಯೇ ಕಂಡುಕೊಂಡ ಮದ್ದೆಂದರೆ ಚೀಟಿ. ಹತ್ತು ಮಂದಿ ಹೆಂಗಸರು ಕೂಡಿ ತಿಂಗಳು ತಿಂಗಳೂ ಇಷ್ಟೆಂದು ಹಾಕಿ, ತಿಂಗಳಿಗೊಬ್ಬಳು ಇಡಿಯ ಮೊತ್ತವನ್ನು ಎತ್ತುವ ಈ ವ್ಯವಹಾರದಲ್ಲಿ ಬಡ್ಡಿಯ ಲಾಭವನ್ನು ಹುಡುಕುವ ಅರ್ಥಶಾಸ್ತ್ರಜ್ಞನಿಗೆ ನಿರಾಶೆಯಾಗಬಹುದು. ಅವರಿಗೆ ಬೇಕಾಗಿದ್ದುದು ಲಾಭವಲ್ಲ, ತಿಥಿ: ಆಷಾಢ ಕಳೆದ ಮೇಲೆ ನನ್ನ ಸರದಿ, ಆಗ ಮಗಳ ಫೀಸು, ಆಗ ಗಿರವಿ ಅಂಗಡಿಯಲ್ಲಿರುವ ಓಲೆ. ಚೀಟಿ ನಡೆಸುವವಳು ಹಣ ಹೊತ್ತು ಓಡಿಹೋದ ಪ್ರಸಂಗವನ್ನೂ ನಾನು ಕಂಡಿದ್ದೇನೆ. ಎರಡು ತಿಂಗಳು ಅತ್ತು, ಮೂರನೆಯ ತಿಂಗಳು ಉಳಿದವರೇ ಸೇರಿ ಹೊಸ ಚೀಟಿ ಕಟ್ಟಿದರು. ಮೂಢತನವೆಂದು ಆಗ ನನಗೆ ತೋರಿತ್ತು.

ನನಗೆ ನಿವೃತ್ತಿಯಾಗಿ ವರ್ಷಗಳಾದವು. ಕೇರಿಯಲ್ಲಿ ಈಗ ಅನೇಕ ಮನೆಗಳಿಗೆ ಒಳಗೇ ನಲ್ಲಿ ಬಂದಿದೆ, ತಗಡಿನ ಜಾಗದಲ್ಲಿ ತಾರಸಿ ಬಂದಿದೆ, ನಲ್ಲಿಕಟ್ಟೆಯ ಮೇಲೆ ಯಾರೋ ಇಸ್ತ್ರಿ ಗಾಡಿ ನಿಲ್ಲಿಸಿದ್ದಾರೆ. ಹೋದ ಯುಗಾದಿಗೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಊಟಕ್ಕೆ ಕರೆದಿದ್ದಳು; ಏಳನೆಯ ತರಗತಿಯಲ್ಲಿ ಬಾಗಿಲ ಬಳಿ ನಿಲ್ಲುತ್ತಿದ್ದವಳೇ, ಈಗ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್. ಹೋಳಿಗೆ ಬಡಿಸುತ್ತಾ, ರಾತ್ರಿ ಎರಡಾಯಿತೆಂದರೆ ಈಗಲೂ ತನಗೆ ಎಚ್ಚರವಾಗುತ್ತದೆಂದಳು. ಎದ್ದು ಏನು ಮಾಡುವೆಯೆಂದು ಕೇಳಿದೆ. “ಏನಿಲ್ಲ ಮೇಷ್ಟ್ರೇ, ನಲ್ಲಿ ತಿರುಗಿಸಿ ನೋಡಿ ಮಲಗ್ತೀನಿ” ಎಂದಳು. ಅಡಿಗೆಮನೆಯ ಮೂಲೆಯಲ್ಲಿ ಒಂದು ಹಸುರು ಕೊಡವಿತ್ತು. ಅದರೊಳಗಿನ ಕಲ್ಲನ್ನು ಅವಳ ಮಗ ಹೊರಗೆ ತೆಗೆದು ಗೋಲಿಯಂತೆ ಉರುಳಿಸಿ ಆಡುತ್ತಿದ್ದನು.