ಕ್ಷೇತ್ರಕಾರ್ಯಕ್ಕೆ ಎಂಥ ಚೂರಿ?



ಸಸ್ಯಶಾಸ್ತ್ರದ ಪ್ರವಾಸವಿರಲಿ, ಚಾರಣವಿರಲಿ, ಎನ್.ಸಿ.ಸಿ. ಶಿಬಿರವಿರಲಿ, ಚೀಲದಲ್ಲಿ ಒಂದು ಚೂರಿ ಬೇಕಾಗುತ್ತದೆ. ಹಗ್ಗ ಕತ್ತರಿಸುವುದು, ಗೂಟದ ತುದಿ ಚೂಪು ಮಾಡುವುದು, ರೆಂಬೆಯ ಮಾದರಿ ತೆಗೆಯುವುದು, ಮಧ್ಯಾಹ್ನ ಸೌತೆಕಾಯಿ ಹೆಚ್ಚುವುದು, ಎಲ್ಲಕ್ಕೂ ಅದೇ. ಆದರೆ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಸಿನಿಮಾದ ನಾಯಕ ಹಿಡಿಯುವಂಥದ್ದು: ಅಡಿಯುದ್ದದ ಅಲಗು, ಬೆನ್ನಿನ ಮೇಲೆ ಗರಗಸದ ಹಲ್ಲು, ಟೊಳ್ಳು ಹಿಡಿಯೊಳಗೆ ದಿಕ್ಸೂಚಿ. ಅದನ್ನು ಅಲ್ಲಿಯೇ ಬಿಟ್ಟು ಬನ್ನಿ. ಏಕೆ ಎಂದು ಹೇಳುತ್ತೇನೆ.

ಚೂರಿಗಳಲ್ಲಿ ಮಡಚುವುದು, ಮಡಚದಿರುವುದು ಎಂದು ಎರಡು ಬಗೆ. ಮಡಚುವ ಚಾಕು ಜೇಬಿಗೆ ಅನುಕೂಲ, ನಿಜ. ಆದರೆ ಅಲಗು ಮತ್ತು ಹಿಡಿಯ ನಡುವೆ ಇರುವುದು ಒಂದು ಸಣ್ಣ ಮೊಳೆ. ಮಲೆನಾಡಿನಲ್ಲಿ ಒಮ್ಮೆ ನಮ್ಮ ಚಿತ್ರೀಕರಣ ನಡೆದಿತ್ತು. ಲೈಟಿನ ಹುಡುಗನೊಬ್ಬ ಬಿಗಿದ ನೈಲಾನ್ ಹಗ್ಗದ ಕೆಳಗೆ ಚಾಕು ತೂರಿಸಿ ಮೇಲಕ್ಕೆ ಎಳೆಯುತ್ತಿದ್ದ. ಅಲಗು ಹಗ್ಗಕ್ಕೆ ಸಿಕ್ಕಿಕೊಂಡಿತು, ಹಿಡಿ ಮಡಚಿಕೊಂಡಿತು, ನಡುವೆ ಅವನ ಎರಡು ಬೆರಳು. ಆಸ್ಪತ್ರೆ ಇದ್ದದ್ದು ಒಂದೂವರೆ ಗಂಟೆಯ ದಾರಿಯಲ್ಲಿ. ಅಂದಿನಿಂದ ನಮ್ಮ ಸಾಮಾನಿನ ಪಟ್ಟಿಯಲ್ಲಿ ಮಡಚದ ಚೂರಿಯೇ ಇದೆ.

ಅಲಗು ಎಷ್ಟು ಉದ್ದವಿರಬೇಕು? ನಿಮ್ಮ ಅಂಗೈ ಅಗಲದಷ್ಟು, ಅಂದರೆ 8ರಿಂದ 10 ಸೆಂಟಿಮೀಟರ್ ಸಾಕು. ಸ್ವೀಡನ್ ದೇಶದ ಮೋರಾ ಎಂಬ ಊರಿನ ಸುತ್ತ ತಯಾರಾಗುವ ಚೂರಿಗಳು ಲೋಕಪ್ರಸಿದ್ಧ. ಅಲ್ಲಿನ ಬಡಗಿಗಳೂ ಕಾಡಿನ ಕೆಲಸಗಾರರೂ ಬಳಸುವ ಸಾಮಾನ್ಯ ಚೂರಿಯ ಅಲಗು ಸುಮಾರು 10 ಸೆಂಟಿಮೀಟರ್ ಉದ್ದ, ಎರಡೂವರೆ ಮಿಲಿಮೀಟರ್ ದಪ್ಪ. ಉದ್ದ ಹೆಚ್ಚಿದಂತೆ ಮೊನೆ ಕೈಯಿಂದ ದೂರವಾಗುತ್ತದೆ, ಹತೋಟಿ ತಪ್ಪುತ್ತದೆ. ಸನ್ನೆಯ ನಿಯಮ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೊದೆ ಸವರಲು ನಮ್ಮ ಮಲೆನಾಡಿನ ಕತ್ತಿ ಇದೆ, ಕೊಡಗಿನವರ ಒಡಿಕತ್ತಿ ಇದೆ. ಆ ಕೆಲಸವನ್ನು ಚೂರಿಯಿಂದ ಮಾಡಿಸಲು ಹೋಗಬಾರದು.

ಅಲಗಿನ ಕಬ್ಬಿಣ ಹಿಡಿಯೊಳಗೂ ಮುಂದುವರಿದಿರುತ್ತದೆ. ಈ ಬಾಲ ಹಿಡಿಯ ತುದಿಯವರೆಗೂ ಹೋಗಿದ್ದರೆ ಉತ್ತಮ. ಮುಕ್ಕಾಲು ಭಾಗ ಹೋಗಿದ್ದರೂ ನಡೆಯುತ್ತದೆ. ಟೊಳ್ಳು ಹಿಡಿಯ ಚೂರಿಯಲ್ಲಿ ಬಾಲವೇ ಮೊಟಕು. ಗಟ್ಟಿ ಮರಕ್ಕೆ ಒತ್ತಿದಾಗ ಅದು ಮುರಿಯುವುದು ಸರಿಯಾಗಿ ಆ ಜಾಗದಲ್ಲೇ. ಹಿಡಿಯ ಮುಂಭಾಗದಲ್ಲಿ ಬೆರಳು ಅಲಗಿನ ಮೇಲೆ ಜಾರದಂತೆ ಒಂದು ಸಣ್ಣ ತಡೆ ಇರಲಿ. ಒದ್ದೆ ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಿ.

ಇನ್ನು ಉಕ್ಕಿನ ಮಾತು. ಈ ಪದವೇ ನಮ್ಮದು. ಪ್ರಾಚೀನ ದಕ್ಷಿಣ ಭಾರತದ ಮೂಸೆಯ ಉಕ್ಕನ್ನು ಇಂಗ್ಲಿಷರು ‘ವುಟ್ಜ್’ ಎಂದು ಕರೆದರು. ಅದು ಕನ್ನಡದ ‘ಉಕ್ಕು’ ಎಂಬುದರ ಅಪಭ್ರಂಶವೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ವಿದ್ಯುತ್ತಿನ ಪ್ರಯೋಗಗಳಿಂದ ನಿಮಗೆ ಪರಿಚಿತನಾದ ಮೈಕೇಲ್ ಫ್ಯಾರಡೆ 1819ರಲ್ಲಿ ಈ ಉಕ್ಕಿನ ವಿಶ್ಲೇಷಣೆಯನ್ನು ಪ್ರಕಟಿಸಿದ. ಮೆದು ಕಬ್ಬಿಣಕ್ಕೂ ಉಕ್ಕಿಗೂ ಇರುವ ಮುಖ್ಯ ವ್ಯತ್ಯಾಸ ಇಂಗಾಲದ ಪ್ರಮಾಣ. ಚೂರಿಗೆ ಶೇಕಡಾ 0.5ರಿಂದ 1ರಷ್ಟು ಇಂಗಾಲವಿದ್ದರೆ ಸಾಕು. ಅಂಥ ಉಕ್ಕನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಥಟ್ಟನೆ ಎಣ್ಣೆಯಲ್ಲಿ ಅದ್ದಿದರೆ ಗಡಸಾಗುತ್ತದೆ, ಆದರೆ ಗಾಜಿನಂತೆ ಒಡೆಯುವ ಗುಣವೂ ಬರುತ್ತದೆ. ಮತ್ತೆ 200 ಡಿಗ್ರಿಯಷ್ಟು ಹದವಾಗಿ ಕಾಯಿಸಿದಾಗ ಗಡಸುತನ ತುಸು ಇಳಿದು ಜಿಗುಟು ಬರುತ್ತದೆ. ಕಮ್ಮಾರ ‘ಹದ ಹಾಕುವುದು’ ಎನ್ನುವುದರ ಗುಟ್ಟು ಇದೇ. ಊರಿನ ಕುಲುಮೆಗಳಲ್ಲಿ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಕತ್ತಿ ಬಡಿಯುವುದನ್ನು ನೀವು ಕಂಡಿರಬಹುದು. ಆ ಪಟ್ಟಿಯಲ್ಲಿ ಬೇಕಾದಷ್ಟು ಇಂಗಾಲವಿದೆ. ಒಳ್ಳೆಯ ಕಮ್ಮಾರ ಸಿಕ್ಕರೆ ಅಂಗಡಿಗೆ ಹೋಗುವ ಅಗತ್ಯವೇ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಇಂಗಾಲದ ಉಕ್ಕಿಗೆ ತುಕ್ಕೇ ಶತ್ರು. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಕಡೆಗೆ ಹೋಗುವವರು ಅದನ್ನು ದಿನವೂ ಒರೆಸಿ ಕೊಬ್ಬರಿ ಎಣ್ಣೆ ಸವರಬೇಕು. ಸೋಮಾರಿಗಳಿಗೆ ತುಕ್ಕುನಿರೋಧಕ ಉಕ್ಕು ಇದೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರೇರ್ಲಿ 1913ರಲ್ಲಿ ತಯಾರಿಸಿದ ಉಕ್ಕಿನಲ್ಲಿ ಶೇಕಡಾ 13ರಷ್ಟು ಕ್ರೋಮಿಯಂ ಇತ್ತು. ಕ್ರೋಮಿಯಂ ಮೇಲ್ಮೈಯಲ್ಲಿ ಆಕ್ಸೈಡಿನ ತೆಳು ಪೊರೆ ಕಟ್ಟಿ ರಕ್ಷಿಸುತ್ತದೆ. ಅಂದಹಾಗೆ, ಇಂಗಾಲದ ಉಕ್ಕಿನಿಂದ ನೆಲ್ಲಿಕಾಯಿ ಹೆಚ್ಚಿದರೆ ಕಪ್ಪಾಗುತ್ತದಲ್ಲವೇ? ಅದು ತುಕ್ಕಲ್ಲ. ಕಾಯಿಯ ಟ್ಯಾನಿನ್ ಕಬ್ಬಿಣದೊಡನೆ ಕೂಡಿದ ಬಣ್ಣ. ಅಳಲೆಕಾಯಿಯಿಂದ ಹಿಂದಿನವರು ಶಾಯಿ ಮಾಡುತ್ತಿದ್ದುದೂ ಇದೇ ರಸಾಯನಕ್ರಿಯೆಯಿಂದ.

ಅಂಗಡಿಗೆ ಒಂದು ಅಯಸ್ಕಾಂತ ಒಯ್ಯಿರಿ. ನಿಕಲ್ ಬೆರೆತ ಪಾತ್ರೆಯ ಸ್ಟೀಲು ಅಯಸ್ಕಾಂತಕ್ಕೆ ಅಂಟುವುದಿಲ್ಲ, ಅದನ್ನು ಕಾಯಿಸಿ ಅದ್ದಿ ಗಡಸು ಮಾಡಲೂ ಬರುವುದಿಲ್ಲ. ಅಂಥದ್ದರಿಂದ ಮಾಡಿದ ಚೂರಿ ಬರೀ ಹೊಳಪು. ಆದರೆ ಅಂಟಿತೆಂದ ಮಾತ್ರಕ್ಕೆ ಒಳ್ಳೆಯದೆಂದಲ್ಲ. ಮೆದು ಕಬ್ಬಿಣವೂ ಅಂಟುತ್ತದೆ.

ಕೊಂಡ ಮೇಲೆ ಮಸೆಯಬೇಕು. ಬಾಯಿ ಹರಿತವಾದಷ್ಟೂ ಒತ್ತಡ ಕಿರಿದಾದ ಜಾಗದ ಮೇಲೆ ಬೀಳುತ್ತದೆ, ಸ್ವಲ್ಪ ಬಲ ಸಾಕಾಗುತ್ತದೆ. ಮೊಂಡು ಚೂರಿಗೆ ಹೆಚ್ಚು ಬಲ ಹಾಕಬೇಕು, ಜಾರಿದಾಗ ಆ ಬಲವೆಲ್ಲ ಕೈಯ ಮೇಲೆ. ಕಲ್ಲಿನ ಮೇಲೆ ಚೂರಿಯನ್ನು ನೆಟ್ಟಗೆ ನಿಲ್ಲಿಸಿ, ಅರ್ಧಕ್ಕೆ ಬಾಗಿಸಿ, ಮತ್ತೆ ಅದರರ್ಧಕ್ಕೆ ಬಾಗಿಸಿ: 22 ಡಿಗ್ರಿ ಚಿಲ್ಲರೆ ಸಿಕ್ಕಿತು. ಆ ಕೋನ ಬದಲಾಗದಂತೆ ಎರಡೂ ಬದಿ ಮಸೆಯಿರಿ. ವಿದ್ಯುತ್ ಸಾಣೆಗೆ ಕೊಟ್ಟರೆ ನೀರು ಹಾಕುತ್ತಾನೆಯೇ ನೋಡಿ. ಅಂಚು ನೀಲಿಗೆ ತಿರುಗಿತೆಂದರೆ ಸುಮಾರು 300 ಡಿಗ್ರಿ ಮುಟ್ಟಿದೆ, ಹದ ಹೋಗಿದೆ ಎಂದು ತಿಳಿಯಿರಿ. ಕತ್ತರಿಸುವಾಗ ಅಲಗು ಮೈಯಿಂದ ಆಚೆಗೆ ಸಾಗಲಿ. ಚೂರಿಯನ್ನು ಅಲುಗಾಡಿಸಿದರೂ ಬೀಳದಂಥ ಬಿಗಿಯಾದ ಒರೆಯಿರಲಿ.

ಕಾನೂನಿನ ವಿಷಯವೂ ಗೊತ್ತಿರಬೇಕು. ಶಸ್ತ್ರಾಸ್ತ್ರ ನಿಯಮಗಳಲ್ಲಿ 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗಿನ ಚೂರಿಗಳು ಆಯುಧಗಳ ಪಟ್ಟಿಯಲ್ಲಿವೆ. ಗೃಹಕೃತ್ಯ, ಕೃಷಿ, ವಿಜ್ಞಾನ, ಕೈಗಾರಿಕೆಗಳಿಗೆಂದು ರೂಪಿಸಿದವು ಅದರಿಂದ ಹೊರಗೆ. ನಾನು ಹೇಳಿದ ಅಳತೆ ಇದರ ಅರ್ಧವೂ ಇಲ್ಲ. ಆದರೂ ಕಾಲೇಜಿಗೆ ಅದನ್ನು ತರಬೇಡಿ. ವಿಮಾನದಲ್ಲಿ ಕೈಚೀಲಕ್ಕೆ ಹಾಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಚೂರಿಯೂ ಆಯುಧವೇ. ಲಿಖಿತ ಅನುಮತಿಯಿಲ್ಲದೆ ಅಭಯಾರಣ್ಯದೊಳಕ್ಕೆ ಒಯ್ಯುವಂತಿಲ್ಲ. ಪ್ರವಾಸಕ್ಕೆ ಮೊದಲೇ ನಿಮ್ಮ ಅಧ್ಯಾಪಕರ ಮೂಲಕ ಅರಣ್ಯ ಇಲಾಖೆಗೆ ಅರ್ಜಿ ಸಲ್ಲಿಸುವಾಗ, ಸಸ್ಯ ಮಾದರಿ ಸಂಗ್ರಹಿಸುವ ಅನುಮತಿಯ ಜೊತೆಗೆ ಚೂರಿಯ ವಿಷಯವನ್ನೂ ಒಂದು ಸಾಲು ಸೇರಿಸಿ ಬರೆಯಿರಿ.