ಅಪ್ಪನಿಗೆ ಮುಚ್ಚು, ಅಮ್ಮನಿಗೆ ತೆರೆ

ಮಕ್ಕಳೇ, ಮೊದಲು ಒಂದು ಆಟ. ಎರಡು ಬೆರಳಿನಿಂದ ಮೂಗು ಗಟ್ಟಿಯಾಗಿ ಹಿಡಿದುಕೊಂಡು ‘ಅಪ್ಪ’ ಅನ್ನಿ. ಸರಿಯಾಗಿಯೇ ಬಂತಲ್ಲವೇ? ಈಗ ಮೂಗು ಬಿಡದೆ ‘ಅಮ್ಮ’ ಅನ್ನಿ. ‘ಅಬ್ಬ’ ಅಂದ ಹಾಗಾಯಿತು! ಎರಡು ಮಾತಿಗೂ ತುಟಿ ಕೂಡಿಸಿ ಬಿಡುತ್ತೇವೆ. ಆದರೆ ಅಮ್ಮನಿಗೆ ಮೂಗು ಬೇಕು, ಅಪ್ಪನಿಗೆ ಬೇಡ.

ವರ್ಣಮಾಲೆ ಜೋಡಿಸಿದ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಪ, ಫ, ಬ, ಭ ಆದಮೇಲೆ ಸಾಲಿನ ತುದಿಗೆ ಮ ಇಟ್ಟರು. ಹೀಗೆ ಐದು ಸಾಲುಗಳ ತುದಿಯಲ್ಲಿ ಙ, ಞ, ಣ, ನ, ಮ ಕೂತಿವೆ. ಇವೇ ಅನುನಾಸಿಕಗಳು, ಮೂಗಿನಿಂದಲೂ ಉಸಿರು ಬಿಟ್ಟು ಆಡುವ ಅಕ್ಷರಗಳು.

ಉಸಿರಿಗೆ ದಾರಿ ತೋರಿಸುವವರು ಯಾರು? ಕಲ್ಯಾಣ ಸ್ಟೇಷನ್ ನೆನಪಿಸಿಕೊಳ್ಳಿ. ಮುಂಬಯಿ ಕಡೆಯಿಂದ ಬಂದ ಹಳಿ ಅಲ್ಲಿ ಕವಲೊಡೆದು ಒಂದು ಕಸಾರಾಕ್ಕೆ, ಇನ್ನೊಂದು ಕರ್ಜತ್‌ಗೆ ಹೋಗುತ್ತದೆ. ನಮ್ಮ ಗಂಟಲೂ ಅಂಥದೇ ಜಂಕ್ಷನ್. ಕೆಳಗಿನಿಂದ ಬಂದ ಉಸಿರಿಗೆ ಒಂದು ದಾರಿ ಬಾಯಿಗೆ, ಒಂದು ಮೂಗಿಗೆ. ನಾಲಗೆಯ ತುದಿಯನ್ನು ಬಾಯಿಯ ಮೇಲ್ಭಾಗಕ್ಕೆ ಒತ್ತಿ ಹಿಂದೆ ಹಿಂದೆ ಜರುಗಿಸಿ. ಮೊದಲು ಗಟ್ಟಿ, ಆಮೇಲೆ ಮೆತ್ತಗೆ. ಇದು ಅಂಗುಳ. ಹಿಂದಿನ ಮೆತ್ತನೆಯ ಭಾಗವೇ ಮೂಗಿನ ದಾರಿಯ ಬಾಗಿಲು. ಕನ್ನಡಿಯ ಮುಂದೆ ನಿಂತು ‘ಆ’ ಅಂದರೆ ಕಿರುನಾಲಗೆಯ ಜೊತೆ ಅದು ಮೇಲೇಳುವುದು ಕಾಣುತ್ತದೆ. ‘ಅಪ್ಪ’ ಅನ್ನುವಾಗ ಈ ಬಾಗಿಲು ಮುಚ್ಚುತ್ತದೆ, ‘ಅಮ್ಮ’ ಅನ್ನುವಾಗ ತೆರೆಯುತ್ತದೆ. ಅನ್ನ ನುಂಗುವಾಗಲೂ ಮುಚ್ಚುತ್ತದೆ.

ಈಗ ಡೊಂಬಿವಲಿಯಲ್ಲಿ ಮೂರನೆಯ ಕ್ಲಾಸಿನ ಒಬ್ಬ ಹುಡುಗಿ ಇದ್ದಾಳೆ ಎಂದುಕೊಳ್ಳೋಣ. ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಮರಾಠಿ. ಹುಟ್ಟುವಾಗಲೇ ಅವಳ ಅಂಗುಳ ಸೀಳಿತ್ತು. ವರ್ಷ ತುಂಬಿದಾಗ ಡಾಕ್ಟರು ಹೊಲಿದರು. ಆದರೂ ಮಜ್ಜಿಗೆ ಕುಡಿದರೆ ಒಂದೆರಡು ಹನಿ ಮೂಗಿಗೆ ಬರುತ್ತದೆ. ‘ಅಪ್ಪ’ ಅಂದರೆ ಕೇಳಿದವರಿಗೆ ‘ಅಮ್ಮ’ ಅಂದಂತೆ. ಪಕ್ಕದ ಮನೆಯ ಗೆಳತಿಯ ಹಾಗೆ ‘ಬಾಬಾ’ ಎಂದು ಕರೆಯಹೋದರೆ ‘ಮಾಮಾ’ ಆಗುತ್ತದೆ. ಮರಾಠಿಯಲ್ಲಿ ಬಾಬಾ ಅಂದರೆ ತಂದೆ, ಮಾಮಾ ಅಂದರೆ ಸೋದರಮಾವ! ಕ್ಲಾಸಿನಲ್ಲಿ ಯಾರೋ ಅಣಕಿಸಿದ ಮೇಲೆ ಅವಳು ಕೈ ಎತ್ತುವುದನ್ನೇ ಬಿಟ್ಟಿದ್ದಾಳೆ.

ಅಂಗುಳ ಸೀಳಿದ್ದೇಕೆ? ‘ಗ್ರಹಣದ ದಿನ ಅಮ್ಮ ಏನೋ ಹೆಚ್ಚಿರಬೇಕು’ ಎನ್ನುವವರು ಕರ್ನಾಟಕದಲ್ಲೂ ಇದ್ದಾರೆ, ಮಹಾರಾಷ್ಟ್ರದಲ್ಲೂ ಇದ್ದಾರೆ. ಆ ಮಾತು ನಂಬಬೇಡಿ. ಅಮ್ಮನ ಹೊಟ್ಟೆಯಲ್ಲಿ ಮಗುವಿನ ಅಂಗುಳ ಮೊದಲು ಎರಡು ಹೋಳಾಗಿ ನಾಲಗೆಯ ಅಕ್ಕಪಕ್ಕ ಇಳಿಬಿದ್ದಿರುತ್ತದೆ. ಆಮೇಲೆ ಎರಡೂ ಮೇಲೆದ್ದು ನಡುವೆ ಕೂಡಿಕೊಳ್ಳುತ್ತವೆ. ಹನ್ನೆರಡನೆಯ ವಾರದ ಹೊತ್ತಿಗೆ ಈ ಕೆಲಸ ಮುಗಿಯಬೇಕು. ಕೆಲವೊಮ್ಮೆ ಎರಡು ಹೋಳು ಒಂದನ್ನೊಂದು ಮುಟ್ಟುವುದಿಲ್ಲ. ಲೋಕದಲ್ಲಿ ಸುಮಾರು 700 ಮಕ್ಕಳಲ್ಲಿ ಒಂದು ಮಗು ತುಟಿಯೋ ಅಂಗುಳವೋ ಸೀಳಿ ಹುಟ್ಟುತ್ತದೆ, ಗ್ರಹಣ ಇದ್ದರೂ ಇಲ್ಲದಿದ್ದರೂ.

ಸರಿ, ಹೊಲಿದ ಮೇಲೂ ಮಜ್ಜಿಗೆ ಸೋರುವುದೇಕೆ? ಅಂಗುಳದ ಚರ್ಮ ಬಟ್ಟೆಯಲ್ಲ, ಜೀವ ಇರುವ ವಸ್ತು. ಬಿಗಿಯಾಗಿ ಎಳೆದು ಕೂಡಿಸಿದ ಕಡೆ ರಕ್ತ ಸಾಲದಿದ್ದರೆ, ಇಲ್ಲವೇ ಗಾಯಕ್ಕೆ ಸೋಂಕು ತಗುಲಿದರೆ, ಹೊಲಿಗೆ ಬಿಟ್ಟು ಸಣ್ಣ ತೂತು ಉಳಿಯಬಹುದು. ಗಟ್ಟಿ ಅಂಗುಳ ಮುಗಿದು ಮೆತ್ತನೆಯದು ಶುರುವಾಗುವ ಜಾಗದಲ್ಲಿ ಇದು ಹೆಚ್ಚು. ಡಾಕ್ಟರುಗಳು ಇದನ್ನು ಫಿಸ್ಟುಲಾ ಅನ್ನುತ್ತಾರೆ. ಮುಚ್ಚಲು ಅವಸರ ಮಾಡುವಂತಿಲ್ಲ. ಹಳೆಯ ಗಾಯ ಮಾಗಿ ಮೆತ್ತಗಾಗಲು ಎಷ್ಟೋ ತಿಂಗಳು ಕಾಯುತ್ತಾರೆ. ಆಮೇಲೆ ಕೌದಿ ಹೊಲಿದ ಹಾಗೆ ಪದರದ ಮೇಲೆ ಪದರ: ಮೂಗಿನ ಕಡೆಗೊಂದು, ಬಾಯಿಯ ಕಡೆಗೊಂದು.

ತೂತು ದೊಡ್ಡದಿದ್ದು ಅಕ್ಕಪಕ್ಕದ ಚರ್ಮ ಸಾಲದಿದ್ದರೆ? ಆಗ ನಾಲಗೆಯೇ ಸಾಲ ಕೊಡುತ್ತದೆ! ನಾಲಗೆಯ ಮೇಲಿನಿಂದ ಒಂದು ಪಟ್ಟಿ ಎಬ್ಬಿಸಿ, ಒಂದು ತುದಿಯನ್ನು ನಾಲಗೆಯಲ್ಲೇ ಬಿಟ್ಟು, ಇನ್ನೊಂದನ್ನು ತೂತಿಗೆ ಹೊಲಿಯುತ್ತಾರೆ. ಎರಡು ಮೂರು ವಾರ ನಾಲಗೆಯ ರಕ್ತವೇ ಅದನ್ನು ಸಾಕುತ್ತದೆ. ಹೊಸ ಜಾಗದಲ್ಲಿ ರಕ್ತನಾಳ ಬೆಳೆದ ಮೇಲೆ ನಡುವಿನ ಸೇತುವೆ ಕತ್ತರಿಸುತ್ತಾರೆ. ಮಾವಿನ ಗಿಡಕ್ಕೆ ಕಸಿ ಕಟ್ಟುವವರು ಇದನ್ನು ಕೇಳಿದರೆ ನಕ್ಕು ತಲೆಯಾಡಿಸಿಯಾರು. ಆಪರೇಷನ್ ಹೊತ್ತಿಗೆ ಮಗುವಿಗೆ ಮತ್ತು ಬರಿಸಿರುತ್ತಾರೆ, ಆಗ ನೋವು ಗೊತ್ತಾಗುವುದಿಲ್ಲ.

ತೂತು ಮುಚ್ಚಿದರೂ ಮಾತು ಮೂಗಿನಲ್ಲೇ ಬರುವುದುಂಟು. ಅಂಗುಳ ಗಿಡ್ಡವಾಗಿದ್ದರೆ, ಅದನ್ನೆತ್ತುವ ಸ್ನಾಯು ಸರಿಯಾಗಿ ಎಳೆಯದಿದ್ದರೆ, ಬಾಗಿಲು ಗಂಟಲಿನ ಹಿಂಗೋಡೆಗೆ ತಾಗುವುದಿಲ್ಲ. ಸಂದು ಎಷ್ಟಿದೆ ಎಂದು ನೋಡಲು ಮೂಗಿನಲ್ಲಿ ತೆಳ್ಳನೆಯ ಕ್ಯಾಮೆರಾ ಕೊಳವೆ ಇಳಿಸಿ, ಮಗುವಿನಿಂದ ಮಾತಾಡಿಸುತ್ತಾರೆ. ಅಮೆರಿಕದ ಸರ್ಜನ್ ಲಿಯೊನಾರ್ಡ್ ಫರ್ಲೊ 1986ರಲ್ಲಿ ಪ್ರಕಟಿಸಿದ ಒಂದು ವಿಧಾನದಲ್ಲಿ, ಇಂಗ್ಲಿಷಿನ ಜೆಡ್ ಅಕ್ಷರದಂತೆ ಎರಡು ಪದರ ಕತ್ತರಿಸಿ ಅದಲುಬದಲು ಮಾಡಿ ಹೊಲಿದರೆ ಅಂಗುಳ ಉದ್ದವಾಗುತ್ತದೆ, ಸ್ನಾಯುವೂ ಸರಿಯಾದ ಜಾಗಕ್ಕೆ ಬರುತ್ತದೆ. ಇನ್ನೊಂದು ವಿಧಾನದಲ್ಲಿ ಗಂಟಲಿನ ಹಿಂಗೋಡೆಯಿಂದ ಪಟ್ಟಿ ತಂದು ಅಂಗುಳಕ್ಕೆ ಜೋಡಿಸುತ್ತಾರೆ. ಆಗ ಎರಡು ಬದಿಯಲ್ಲೂ ಕಿಂಡಿ ಉಳಿಸಲೇಬೇಕು. ಪೂರ್ತಿ ಮುಚ್ಚಿದರೆ ಉಸಿರಾಟಕ್ಕೆ ಕಷ್ಟ, ‘ಅಮ್ಮ’ ಹೋಗಿ ‘ಅಬ್ಬ’ ಆಗುತ್ತದೆ. ಡಾಕ್ಟರರ ಜಾಣತನವೆಲ್ಲ ಎಷ್ಟು ತೆರೆದಿಡಬೇಕು ಎಂಬುದರಲ್ಲಿದೆ.

ಆಮೇಲೆ ಸ್ಪೀಚ್ ಥೆರಪಿಸ್ಟ್ ಅವರ ಸರದಿ. ಬಾಗಿಲು ಹೊಸದು, ಆದರೆ ನಾಲಗೆಗೆ ಹಳೆಯ ಅಭ್ಯಾಸ. ತಿಂಗಳುಗಟ್ಟಲೆ ಪ, ಬ, ಕ, ತ ಎಂದು ಮತ್ತೆ ಕಲಿಯಬೇಕು.

ಇಂಥ ಮಕ್ಕಳನ್ನು ಬೇಗ ಗುರುತಿಸಲು ಸರ್ಕಾರದ್ದೇ ಒಂದು ವ್ಯವಸ್ಥೆ ಇದೆ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಡಾಕ್ಟರುಗಳ ತಂಡ ಬಂದು ನೋಡುವ ಪಟ್ಟಿಯಲ್ಲಿ ಸೀಳು ತುಟಿ, ಸೀಳು ಅಂಗುಳಗಳೂ ಇವೆ. 2013ರ ಫೆಬ್ರವರಿಯಲ್ಲಿ ಅದು ಶುರುವಾದದ್ದು ಪಾಲ್ಘರ್‌ನಲ್ಲಿ. ಆಗ ಪಾಲ್ಘರ್ ನಮ್ಮ ಥಾಣೆ ಜಿಲ್ಲೆಯಲ್ಲೇ ಇತ್ತು.

ನಮ್ಮ ಡೊಂಬಿವಲಿಯ ಹುಡುಗಿಯೂ ಎರಡನೆಯ ಆಪರೇಷನ್ ಮುಗಿಸಿ, ಪಾಠ ಕಲಿತು ಬಂದಳು ಎಂದುಕೊಳ್ಳೋಣ. ಮೂಗಿನ ಕೆಳಗೆ ಪುಟ್ಟ ಕನ್ನಡಿ ಅಡ್ಡ ಹಿಡಿದು, ತುಸು ಅಳುಕುತ್ತಲೇ ‘ಪಾ ಪಾ ಪಾ’ ಅನ್ನುತ್ತಾಳೆ. ಕನ್ನಡಿ ಸ್ವಚ್ಛ. ‘ಮಾ ಮಾ ಮಾ’ ಅನ್ನುತ್ತಾಳೆ. ಕನ್ನಡಿಯ ಮೇಲೆ ಮಂಜು. ಎರಡೂ ಸರಿ. ನಾಳೆ ಅವಳು ಕ್ಲಾಸಿನಲ್ಲಿ ಕೈ ಎತ್ತಿದರೆ, ಮಾತು ಮುಗಿಯುವ ತನಕ ಕಾಯುವ ಕೆಲಸ ಮಾತ್ರ ನಿಮ್ಮದು.